ಕೈ ಹಿಂದೆ ಕಟ್ಟಿಕೊಂಡು ನಡೆದ ಬೆಳಗು

"ಆಯಿ, ಒಳ್ಳೆ ಶೂ ಹಾಕ್ಕೊಂಡೇ ಬಾ" ಎಂದು ಮಗ ಫೋನಿನಲ್ಲಿ ಎರಡು ಸಲ ಹೇಳಿದ್ದ. ನಾನು ಹೊನ್ನಾವರದ ಹತ್ತಿರದ ಹೈಸ್ಕೂಲೊಂದರಲ್ಲಿ 31 ವರ್ಷ ವಿಜ್ಞಾನ ಕಲಿಸಿ ನಿವೃತ್ತಳಾದವಳು. ಮಗ, ಸೊಸೆ ಇರುವುದು ಅಮೆರಿಕದ ಲಾಸ್ ವೇಗಾಸ್‌ನಲ್ಲಿ. ಆ ಊರಿನ ಹೆಸರು ತೆಗೆದರೆ ಜನಕ್ಕೆ ದೀಪ, ಜೂಜು ನೆನಪಾಗುತ್ತದೆ. ನನಗೆ ಈಗ ಒಂದು ಪೊದೆಯ ವಾಸನೆ ನೆನಪಾಗುತ್ತದೆ. ಆಮೇಲೆ ಒಂದು ಆಮೆ.

ಕಳೆದ ವರ್ಷ ಮಾರ್ಚ್ ಕೊನೆಗೆ ಅಲ್ಲಿಗೆ ಹೋಗಿದ್ದೆ. ಅಲ್ಲಿ ಅದು ವಸಂತ. ಊರಿನಿಂದ ಪಶ್ಚಿಮಕ್ಕೆ ಕಾರಿನಲ್ಲಿ ಅರ್ಧ ಗಂಟೆ ಹೋದರೆ ರೆಡ್ ರಾಕ್ ಕ್ಯಾನಿಯನ್ ಸಿಗುತ್ತದೆ. ಮೊಹಾವಿ ಮರುಭೂಮಿಯ ತುಂಡು. 1990ರಲ್ಲಿ ಇದನ್ನು ರಾಷ್ಟ್ರೀಯ ಸಂರಕ್ಷಣಾ ಪ್ರದೇಶ ಮಾಡಿದರು, ನೆವಾಡಾ ರಾಜ್ಯದಲ್ಲಿ ಈ ತರಹದ್ದು ಇದೇ ಮೊದಲು. ಚಳಿಗಾಲದಲ್ಲಿ, ವಸಂತದಲ್ಲಿ ಜನ ಜಾಸ್ತಿ. ಅದಕ್ಕೇ ಅಕ್ಟೋಬರಿನಿಂದ ಮೇ ತನಕ ಗಾಡಿ ಒಳಗೆ ಬಿಡಬೇಕಾದರೆ ಮುಂಚೆಯೇ ಆನ್‌ಲೈನಿನಲ್ಲಿ ಸಮಯ ಕಾದಿರಿಸಬೇಕು. ಜೊತೆಯಲ್ಲಿ ಒಬ್ಬರು ನಡೆದು, ತೋರಿಸಿ, ವಿವರಿಸುವ ನಡಿಗೆಗಳೂ ಇರುತ್ತವೆ. ಮಗ ಅಂಥದ್ದೊಂದಕ್ಕೆ ನಮ್ಮ ಮೂವರ ಹೆಸರು ಬರೆಸಿದ್ದ.

ನಡೆಸಿಕೊಂಡು ಹೋದವರು ಹೆಚ್ಚುಕಡಿಮೆ ನನ್ನ ವಯಸ್ಸಿನ ಹೆಂಗಸು. ಸಂಬಳವಿಲ್ಲದ ಕೆಲಸ, ಇಷ್ಟಪಟ್ಟು ಬಂದವರು. ಅಗಲ ಟೋಪಿ, ಕೈಯಲ್ಲಿ ಕೋಲು. ಮೊದಲು ಎಲ್ಲರ ನೀರಿನ ಬಾಟಲಿ ನೋಡಿದರು. ನನ್ನದು ಅರ್ಧ ಲೀಟರಿನದು. "ಸಾಲದು" ಎಂದು ಇನ್ನೊಂದು ತುಂಬಿಸಿಕೊಂಡು ಬರಲು ಕಳಿಸಿದರು. ಎರಡು ಗಂಟೆಯ ನಡಿಗೆಗೆ ಇಷ್ಟು ಯಾಕೆ ಅಂದುಕೊಂಡೆ. ನಮ್ಮಲ್ಲಿ ಮಾರ್ಚ್ ತಿಂಗಳಲ್ಲಿ ಅಂಗಳ ಗುಡಿಸಿದರೂ ಬೆವರು ಇಳಿಯುತ್ತದೆ, ಅಲ್ವಾ? ಅಲ್ಲಿ ನನಗೆ ಬೆವರೇ ಕಾಣಲಿಲ್ಲ. ಗಾಳಿ ಅಷ್ಟು ಒಣ. ಬೆವರು ಬಂದದ್ದು ಬಂದ ಹಾಗೆ ಆರಿ ಹೋಗುತ್ತದೆ, ಮೈಯಿಂದ ನೀರು ಹೋದದ್ದೇ ತಿಳಿಯುವುದಿಲ್ಲ. ಮುಕ್ಕಾಲು ಗಂಟೆಯಲ್ಲಿ ಮೊದಲ ಬಾಟಲಿ ಖಾಲಿ.

ಬಂಡೆಗಳ ಬಣ್ಣ ನೋಡಿದಾಗ ನನಗೆ ಪರ ಊರು ಅನ್ನಿಸಲೇ ಇಲ್ಲ. ನಮ್ಮ ಚಿರೆಕಲ್ಲಿನದೇ ಕೆಂಪು. ಮಳೆ ಬಿದ್ದ ಮೇಲೆ ಕಲ್ಲುಕ್ವಾರಿಯ ಗೋಡೆ ಹೇಗಿರುತ್ತದೋ ಹಾಗೆ. ಕಾರಣವೂ ಒಂದೇ, ಕಬ್ಬಿಣದ ತುಕ್ಕು. ಆದರೆ ಹುಟ್ಟು ಬೇರೆ. ಇಲ್ಲಿ ಮಳೆ ಸುರಿದು ಸುರಿದು ಕಲ್ಲು ಕೊಳೆತು, ಬೇರೆಲ್ಲ ತೊಳೆದು ಹೋಗಿ ಕಬ್ಬಿಣ ಉಳಿದು ಚಿರೆಕಲ್ಲಾಯಿತು. ಅಲ್ಲಿಯದು ಸುಮಾರು 18 ಕೋಟಿ ವರ್ಷದ ಹಿಂದಿನ ಮರಳುದಿಬ್ಬ. ಗಾಳಿ ಮರಳು ತಂದು ಒಟ್ಟಿದ ಗೆರೆಗಳು ಕಲ್ಲಿನಲ್ಲಿ ಇನ್ನೂ ಓರೆಯಾಗಿ ಕಾಣುತ್ತವೆ. ಅದರ ನೆತ್ತಿಯ ಮೇಲೆ ಬೂದು ಬಣ್ಣದ ಸುಣ್ಣಕಲ್ಲು ಕೂತಿದೆ. ಅದು ಕೆಂಪು ಕಲ್ಲಿಗಿಂತ ಹಳೆಯದು. ಹಳೆಯದು ಮೇಲೆ, ಹೊಸದು ಕೆಳಗೆ! ಭೂಮಿಯ ಒತ್ತಡಕ್ಕೆ ಹಳೆಯ ಪದರ ಜಾರಿ ಹೊಸದರ ಮೇಲೆ ಹತ್ತಿದೆ. ಪಾಠದಲ್ಲಿ ನಾನು ಎಷ್ಟೋ ಸಲ ಬೋರ್ಡಿನ ಮೇಲೆ ಎರಡು ಗೆರೆ ಎಳೆದು ಇದನ್ನು ಹೇಳಿದ್ದೆ. ಕಣ್ಣಾರೆ ಕಂಡದ್ದು ಆವತ್ತೇ.

ಸ್ವಲ್ಪ ಮುಂದೆ ಒಂದು ಪೊದೆಯ ಹತ್ತಿರ ಅವರು ನಿಂತರು. ಕ್ರಿಯೋಸೋಟ್ ಅಂತ ಹೆಸರು. ನಮ್ಮ ತೊಂಡೆಚಪ್ಪರದಷ್ಟು ಎತ್ತರ, ತೆಳ್ಳನೆಯ ಕೊಂಬೆ, ಸಣ್ಣ ಹಳದಿ ಹೂ. ಎಲೆ ಚಿಕ್ಕದು, ಎಣ್ಣೆ ಸವರಿದ ಹಾಗೆ ಹೊಳೆಯುತ್ತದೆ. ಆ ಮೇಣದಂಥ ಹೊದಿಕೆ ನೀರು ಆರಿಹೋಗದ ಹಾಗೆ ಕಾಯುತ್ತದೆ. ಕೊಂಬೆ ಮುರಿಯದೆ, ಎಲೆಗಳ ಸುತ್ತ ಬೊಗಸೆ ಹಿಡಿದು ಬಾಯಿಂದ ಬಿಸಿಯುಸಿರು ಬಿಟ್ಟು ಮೂಸಿ ನೋಡಿ ಅಂದರು. ನಾನೂ ಬಗ್ಗಿದೆ. ಉಸಿರಿನ ತೇವ ತಾಗಿದ್ದೇ ತಡ, ಎಲೆಯಿಂದ ವಾಸನೆ ಎದ್ದಿತು. ಸ್ವಲ್ಪ ಕರ್ಪೂರ, ಸ್ವಲ್ಪ ಟಾರು, ಅದರ ಹಿಂದೆ ಮಣ್ಣು. "ಇಲ್ಲಿಯವರಿಗೆ ಮಳೆ ಎಂದರೆ ಈ ವಾಸನೆ" ಅಂದರು. ಆ ಊರಿಗೆ ವರ್ಷಕ್ಕೆ ಬೀಳುವ ಮಳೆ ಸುಮಾರು 100 ಮಿಲಿಮೀಟರ್. ನಮ್ಮ ಕರಾವಳಿಯಲ್ಲಿ 3,000 ಮಿಲಿಮೀಟರಿಗೂ ಮೇಲೆ. ಅವರ ಇಡೀ ವರ್ಷದ ಮಳೆ ನಮ್ಮಲ್ಲಿ ಜುಲೈನ ಒಂದೇ ದಿನ ಸುರಿಯುವುದುಂಟು. ಮೃಗಶಿರಾ ಮಳೆಯ ಮೊದಲ ಹನಿಗೆ ಅಂಗಳದಿಂದ ಏಳುವ ವಾಸನೆಗಾಗಿ ನಾನೂ ಬಾಗಿಲಲ್ಲಿ ನಿಲ್ಲುವವಳೇ. ಆ ಪೊದೆಯ ಮುಂದೆ ಕಣ್ಣು ತುಂಬಿ ಬಂತು. ಸೊಸೆ ಏನಾಯಿತು ಎಂದಳು. ಏನಿಲ್ಲ, ಸುಮ್ನೆ ಅಂದೆ.

ಜೋಶುವಾ ಮರ ಎಂಬುದು ಅಲ್ಲಿಯ ಇನ್ನೊಂದು ವಿಚಿತ್ರ. ನೋಡಲು ನಮ್ಮ ಮುಂಡಿಗೆ ಮರದ ದೂರದ ನೆಂಟ ಅನ್ನಬೇಕು, ಕೊಂಬೆಯ ತುದಿಯಲ್ಲಿ ಚೂಪು ಎಲೆಗಳ ಗೊಂಚಲು. ಒಂದು ಜಾತಿಯ ಚಿಕ್ಕ ಪತಂಗ ಬಂದರೆ ಮಾತ್ರ ಅದು ಕಾಯಿ ಕಟ್ಟುತ್ತದೆ. ಹೆಣ್ಣು ಪತಂಗ ಪರಾಗವನ್ನು ಉಂಡೆ ಮಾಡಿ ಬಾಯಿಯ ಹತ್ತಿರ ಹಿಡಿದು ಇನ್ನೊಂದು ಹೂವಿಗೆ ಹೋಗುತ್ತದೆ. ಅಲ್ಲಿ ಮೊಟ್ಟೆಯಿಟ್ಟು, ಆಮೇಲೆ ಪರಾಗವನ್ನು ತಾನೇ ಶಲಾಕಾಗ್ರಕ್ಕೆ, ಅಂದರೆ ಹೂವಿನ ಹೆಣ್ಣುಭಾಗದ ತುದಿಗೆ, ಒತ್ತಿ ತುಂಬುತ್ತದೆ. ಹುಟ್ಟುವ ಮರಿಹುಳಗಳು ಒಂದಿಷ್ಟು ಬೀಜ ತಿನ್ನುತ್ತವೆ, ಉಳಿದದ್ದು ಮರಕ್ಕೆ. "ನಮ್ಮೂರಿನ ಅತ್ತಿ ಹಣ್ಣಿನ ಹುಳವೂ ಹೀಗೇ" ಎಂದು ನಾನು ಅಂದಾಗ ಮಗ ಅದನ್ನು ಇಂಗ್ಲಿಷಿನಲ್ಲಿ ಹೇಳಿದ. ಆ ಹೆಂಗಸಿಗೆ ಎಷ್ಟು ಖುಷಿಯಾಯಿತೆಂದರೆ, ನಿಂತಲ್ಲೇ ಅತ್ತಿಯ ಬಗ್ಗೆ ಐದು ನಿಮಿಷ ಪ್ರಶ್ನೆ ಕೇಳಿದರು. ಗಿಡದ ಪಾಠ ಮಾಡುವವರು ಎಲ್ಲಿದ್ದರೂ ಒಂದೇ ಜಾತಿ.

ನನ್ನ ತಪ್ಪೊಂದನ್ನೂ ಇಲ್ಲಿ ಹೇಳಬೇಕು. ದಾರಿಯ ಪಕ್ಕದಲ್ಲಿ ಒಂದು ಪುಟ್ಟ ಕೆಂಪು ಕಲ್ಲು ಬಿದ್ದಿತ್ತು, ಮೇಲೆ ಬಿಳಿ ಉಂಗುರದಂಥ ಗೆರೆ. ಶಾಲೆಯ ಪ್ರಯೋಗಾಲಯಕ್ಕೆ ಕೊಡೋಣ ಎಂದು ಎರಡು ಹೆಜ್ಜೆ ಆಚೆ ಹೋಗಿ ಎತ್ತಿಕೊಂಡೆ. ಅವರು ಹತ್ತಿರ ಬಂದು ಮೆಲ್ಲಗೆ ನನ್ನ ಕಾಲ ಕೆಳಗೆ ತೋರಿಸಿದರು. ಅಲ್ಲಿಯ ಮಣ್ಣಿನ ಮೇಲೆ ಕಪ್ಪಗೆ, ಗುಬುಟುಗುಬುಟಾಗಿ ಒಂದು ಹೊಪ್ಪಳೆ. ಸೂಕ್ಷ್ಮಜೀವಿ, ಕಲ್ಲುಹೂ, ಪಾಚಿ ಸೇರಿ ಕಟ್ಟಿದ ಜೀವಂತ ಪದರ. ಮರಳು ಹಾರದ ಹಾಗೆ ಹಿಡಿದಿಡುವುದು ಅದೇ, ಗಿಡಕ್ಕೆ ಸಾರಜನಕ ಒದಗಿಸುವುದೂ ಅದೇ. ತುಳಿದರೆ ಮತ್ತೆ ಕಟ್ಟಿಕೊಳ್ಳಲು ಹತ್ತಾರು ವರ್ಷ ಬೇಕು. ನನ್ನ ಹೆಜ್ಜೆ ಅದರಲ್ಲಿ ಅಚ್ಚೊತ್ತಿತ್ತು. ಕಲ್ಲನ್ನು ಇದ್ದಲ್ಲೇ ಇಟ್ಟೆ. ಆಮೇಲೆ ಇಡೀ ದಾರಿ ಕೈ ಹಿಂದೆ ಕಟ್ಟಿಕೊಂಡು ನಡೆದೆ.

ಕೊನೆಗೆ ಆಮೆ. ಮರುಭೂಮಿಯ ಆಮೆ ಬಯಲಲ್ಲಿ ಕಣ್ಣಿಗೆ ಬೀಳುವುದು ಅಪರೂಪ. ಆಯುಸ್ಸಿನ 100ರಲ್ಲಿ 95 ಪಾಲನ್ನು ಅದು ಬಿಲದೊಳಗೇ ಕಳೆಯುತ್ತದೆ. ಸಂದರ್ಶಕರ ಕೇಂದ್ರದ ಹಿಂದೆ ಬೇಲಿಯೊಳಗೆ ಕೆಲವನ್ನು ಸಾಕಿದ್ದಾರೆ. ಚಳಿಗಾಲದ ನಿದ್ದೆ ಮುಗಿಸಿ ಹೊರಗೆ ಬಂದ ಒಂದು ಆಮೆ ಕಿತ್ತಳೆ ಬಣ್ಣದ ಹೂ ತಿನ್ನುತ್ತಿತ್ತು. ಒಂದು ಎಸಳು ಕಚ್ಚಿ, ಕತ್ತು ಹಿಂದಕ್ಕೆಳೆದು ಹರಿದು, ಕಣ್ಣು ಮುಚ್ಚಿ ಜಗಿಯುತ್ತಿತ್ತು. ಅಲ್ಲಿಯ ಶಾಲೆಗಳಲ್ಲಿ ಮಕ್ಕಳಿಗೆ ಒಂದು ಸ್ಪರ್ಧೆಯಿದೆಯಂತೆ. ಮೊಹಾವಿ ಮ್ಯಾಕ್ಸ್ ಎಂಬ ಆಮೆ ಯಾವ ದಿನ, ಎಷ್ಟು ಗಂಟೆ ಎಷ್ಟು ನಿಮಿಷಕ್ಕೆ ಬಿಲದಿಂದ ಹೊರಗೆ ಬರುತ್ತದೆ ಎಂದು ಊಹಿಸುವುದು. ಊಹಿಸಬೇಕಾದರೆ ಬಿಸಿಲು, ಮಣ್ಣಿನ ಬಿಸಿ, ಹಗಲಿನ ಉದ್ದ ಎಲ್ಲ ಗಮನಿಸಬೇಕು. ಎಂಥ ಒಳ್ಳೆಯ ಪಾಠ! ನನಗೆ ಪಾಠ ಮಾಡುವಾಗ ಇದು ಹೊಳೆದಿರಲಿಲ್ಲವಲ್ಲ ಎಂದು ಬೇಜಾರಾಯಿತು.

ಬಯಲಲ್ಲಿ ಆಮೆ ಸಿಕ್ಕರೆ ಏನು ಮಾಡಬೇಕು ಎಂದು ಒಬ್ಬ ಹುಡುಗ ಕೇಳಿದ. "ದೂರ ನಿಂತು ನೋಡು, ಎತ್ತಬೇಡ" ಎಂದರು. ಆಮೆ ಮಳೆಯ ದಿನ ಕುಡಿದ ನೀರನ್ನು ಮೂತ್ರಕೋಶದಲ್ಲಿ ತಿಂಗಳುಗಟ್ಟಲೆ ಉಳಿಸಿಕೊಂಡಿರುತ್ತದೆ. ಯಾರಾದರೂ ಎತ್ತಿದರೆ ಹೆದರಿ ಅದನ್ನೆಲ್ಲ ಬಿಟ್ಟುಬಿಡುತ್ತದೆ. ಮುಂದಿನ ಮಳೆ ಯಾವಾಗಲೋ. ಅಷ್ಟರಲ್ಲಿ ಬಾಯಾರಿ ಸಾಯಬಹುದು. ಪ್ರೀತಿಯಿಂದ ಎತ್ತಿ ಮುದ್ದಿಸಿದವರಿಗೆ ತಾವು ಏನು ಮಾಡಿದೆವು ಎಂದು ಗೊತ್ತೇ ಆಗುವುದಿಲ್ಲ. ಇನ್ನೊಂದು ಕಾಟ ಕಾಗೆಯ ಜಾತಿಯ ರೇವನ್ ಹಕ್ಕಿಯದು. ಜನ ಎಸೆದ ಕಸ ತಿಂದು ಅವು ಹೆಚ್ಚಿವೆ, ಹೆಚ್ಚಿದ ಹಕ್ಕಿಗಳು ಆಮೆಮರಿಗಳ ಎಳೆ ಚಿಪ್ಪು ಒಡೆದು ತಿನ್ನುತ್ತವೆ.

ಇದನ್ನು ಕೇಳುವಾಗ ನನ್ನ ಮನಸ್ಸು ಪೂರಾ ಕಾಸರಕೋಡಿನಲ್ಲಿತ್ತು. ಶರಾವತಿ ಸೇತುವೆ ದಾಟಿದರೆ ಸಿಗುವ ನಮ್ಮ ಕಾಸರಕೋಡು. ಅಲ್ಲಿಯ ಟೊಂಕ ಎಂಬ ಕಡಲತೀರದ ಮರಳಿಗೆ ಚಳಿಗಾಲದಲ್ಲಿ ಆಲಿವ್ ರಿಡ್ಲೆ ಕಡಲಾಮೆ ಬಂದು ಮೊಟ್ಟೆಯಿಡುತ್ತದೆ. ಒಂದು ಗುಂಡಿಯಲ್ಲಿ ನೂರರ ಆಸುಪಾಸು ಮೊಟ್ಟೆ, ಮರಿಯಾಗಲು 45ರಿಂದ 60 ದಿನ. ನಮ್ಮ ಕಸಕ್ಕೆ ಸೇರುವ ನಾಯಿ, ಕಾಗೆಗಳೇ ಇಲ್ಲಿಯೂ ಶತ್ರು. ಮರುಭೂಮಿಯ ಆಮೆಗೂ ಕಡಲಾಮೆಗೂ ಒಂದು ಗುಟ್ಟು ಸಮಾನ. ಮರಿ ಗಂಡೋ ಹೆಣ್ಣೋ ಎಂದು ತೀರ್ಮಾನಿಸುವುದು ಗೂಡಿನ ಬಿಸಿ. ಮರಳು ಜಾಸ್ತಿ ಕಾದರೆ ಹೆಣ್ಣು ಹೆಚ್ಚು. ಒಂದಕ್ಕೆ ನೀರೇ ಇಲ್ಲ, ಇನ್ನೊಂದಕ್ಕೆ ನೀರೇ ಮನೆ. ಆದರೂ ಎರಡೂ ಮೊಟ್ಟೆಯನ್ನು ನಂಬಿ ಒಪ್ಪಿಸುವುದು ಮಣ್ಣಿಗೇ.

ಇಲ್ಲಿ ಆಮೆಮರಿಗಳನ್ನು ಕಡಲಿಗೆ ಬಿಡುವ ದಿನ ಜನ ಸೇರುವುದನ್ನು ನಾನು ಮೊದಲೂ ನೋಡಿದ್ದೆ. ಮರಿಯನ್ನು ಅಂಗೈಯಲ್ಲಿಟ್ಟುಕೊಂಡು ಫೋಟೋ, ನಡೆಯುತ್ತಿರುವುದಕ್ಕೆ ಮೊಬೈಲ್ ಬೆಳಕು. ಬೆಳಕು ಬಿಟ್ಟರೆ ಮರಿಗೆ ದಿಕ್ಕು ತಪ್ಪುತ್ತದೆ. ಕಡಲಿನ ಕಡೆಯ ಮಂದ ಹೊಳಪನ್ನು ನೋಡಿ ಅದು ದಾರಿ ಹಿಡಿಯುವುದು. 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿರುವ ಪ್ರಾಣಿ ಅದು, ಹುಲಿಯ ಸಾಲಿನಲ್ಲಿ. ಹುಲಿಮರಿಯನ್ನು ಯಾರಾದರೂ ಹೀಗೆ ಎತ್ತಿಕೊಳ್ಳುತ್ತಾರೆಯೇ? ಆಗೆಲ್ಲ ನಾನು ಸುಮ್ಮನೆ ನಿಂತಿದ್ದೆ. ಮಕ್ಕಳ ಸಂತೋಷ ಕೆಡಿಸುವುದು ಯಾಕೆ ಅನ್ನಿಸಿತ್ತು.

ಈ ವರ್ಷ ಮಾರ್ಚಿನಲ್ಲಿ ಮರಿ ಬಿಡುವುದನ್ನು ನೋಡಲು ಓಣಿಯ ಏಳು ಮಕ್ಕಳನ್ನು ಕರೆದುಕೊಂಡು ಹೋದೆ. ಹೊರಡುವ ಮೊದಲು ಎಲ್ಲರ ನೀರಿನ ಬಾಟಲಿ ನೋಡಿದೆ. ಬೆಳಕು ಹರಿಯುವ ಮುಂಚೆ ಗಾಳಿಮರಗಳ ಸಾಲು ದಾಟಿ ಮರಳಿಗೆ ಇಳಿದೆವು. ದಾರಿಯಲ್ಲಿ ಬಂಗುಡೆ ಬಳ್ಳಿ ತೋರಿಸಿದೆ, ಆಡಿನ ಗೊರಸಿನಂಥ ಎಲೆ ಇರುವ ಆ ಬಳ್ಳಿ ಮರಳನ್ನು ಹೇಗೆ ಹಿಡಿದಿಟ್ಟಿದೆ ಎಂದು ಬೇರು ಕೀಳದೆ ವಿವರಿಸಿದೆ. ಟಾರ್ಚು, ಮೊಬೈಲು ಎಲ್ಲ ನನ್ನ ಚೀಲದಲ್ಲಿ. ಮರಿಗಳನ್ನು ತಂದವರು ಕಡಲಿನಿಂದ ಸ್ವಲ್ಪ ದೂರದಲ್ಲೇ ಬುಟ್ಟಿ ಓರೆ ಮಾಡಿದರು. ಮರಿಗಳು ಹೊರಬಂದವು, ನಮ್ಮ ಹೆಬ್ಬೆರಳಿಗಿಂತ ಸ್ವಲ್ಪ ಉದ್ದ, ಒದ್ದೆ ಇದ್ದಿಲಿನ ಬಣ್ಣ. ಮುಂದಿನ ಎರಡು ರೆಕ್ಕೆಗಾಲು ಬೀಸಿ ಬೀಸಿ, ಮನುಷ್ಯರ ಹೆಜ್ಜೆಗುಂಡಿಯಲ್ಲಿ ಬಿದ್ದು, ಎದ್ದು, ಮತ್ತೆ ನಿಂತು.

ಒಂದು ಮರಿ ಗುಂಡಿಯಲ್ಲಿ ಅಂಗಾತ ಬಿದ್ದಿತ್ತು. ನಾಲ್ಕನೇ ಕ್ಲಾಸಿನ ಹುಡುಗಿ ಕೈ ಚಾಚಿದಳು. ನನ್ನ ಮುಖ ನೋಡಿದಳು. ಕೈ ಹಿಂದಕ್ಕೆ ಕಟ್ಟಿಕೊಂಡು ಅಲ್ಲೇ ಕುಕ್ಕರಗಾಲಿನಲ್ಲಿ ಕೂತಳು. ಮರಿ ಕತ್ತನ್ನು ಮರಳಿಗೆ ಒತ್ತಿ, ಎರಡು ಸಲ ಸೋತು, ಮೂರನೇ ಸಲ ತಾನೇ ಮಗುಚಿಕೊಂಡಿತು. ಅದು ಅಲೆ ಮುಟ್ಟಲು ಹನ್ನೊಂದು ನಿಮಿಷ ಬೇಕಾಯಿತು. ಅಷ್ಟೂ ಹೊತ್ತು ಅವಳು ಎದ್ದೇಳಲಿಲ್ಲ.