ಎಡತುದಿ ಅಳಿಸಿದ ಚಿತ್ರ

ಮೈಕ್ರೋಬಯಾಲಜಿ ಮೇಷ್ಟ್ರು ತೀರಿಹೋದ ಸುದ್ದಿ ಬಂದಾಗ ನಮ್ಮ ಬ್ಯಾಚಿನವರೆಲ್ಲ ನೆನೆದದ್ದು ಒಂದೇ ಪಾಠವನ್ನು: ಎಚ್‌ಟಿಎಲ್‌ವಿ-1, ಅಂದರೆ ಟಿ-ಕೋಶಗಳೆಂಬ ಬಿಳಿ ರಕ್ತಕೋಶಗಳನ್ನು ಹೊಕ್ಕು ಲ್ಯುಕೇಮಿಯಾ (ರಕ್ತದ ಕ್ಯಾನ್ಸರ್) ತರುವ ವೈರಸ್. ಮಿಕ್ಕ ಸಿಲಬಸ್ ಯಾರಿಗೂ ನೆನಪಿಲ್ಲ.

ಅವರು ಶುರುಮಾಡಿದ್ದು ಜಪಾನಿನಿಂದ. 1977ರಲ್ಲಿ ತಕತ್ಸುಕಿ ಮತ್ತು ಸಂಗಡಿಗರು ವಯಸ್ಕರ ಟಿ-ಕೋಶ ಲ್ಯುಕೇಮಿಯಾವನ್ನು ಬೇರೆಯೇ ಕಾಯಿಲೆಯೆಂದು ಗುರುತಿಸಿದರು. ರೋಗಿಗಳಲ್ಲಿ ಹೆಚ್ಚಿನವರು ದಕ್ಷಿಣದ ಕ್ಯೂಶು ದ್ವೀಪದ ಕಡೆಯವರು. 1980ರಲ್ಲಿ ಅಮೆರಿಕದ ಗ್ಯಾಲೊ ತಂಡ ವೈರಸ್ಸನ್ನು ವರದಿ ಮಾಡಿತು.

“ಕೋಳಿಯ ರೌಸ್ ವೈರಸ್ಸಿನ ಹಾಗೆ ಇದು ಕ್ಯಾನ್ಸರ್ ಜೀನನ್ನು ಹೊತ್ತು ತರೋದಿಲ್ಲ ಕಣ್ರಯ್ಯಾ” ಎನ್ನುತ್ತ ಬೋರ್ಡಿನುದ್ದ ಚಿತ್ರ ಬರೆದರು. ವೈರಸ್ಸಿನ ಆರ್‌ಎನ್‌ಎ ಡಿಎನ್‌ಎಯಾಗಿ ಸಿಡಿ4 ಎಂಬ ಬಗೆಯ ಟಿ-ಕೋಶದ ವರ್ಣತಂತುವಿನೊಳಗೆ ಸೇರಿಕೊಳ್ಳುತ್ತದೆ. ಉದ್ದ ಸುಮಾರು 9,000 ಅಕ್ಷರ, ಎರಡೂ ತುದಿಗೆ ಒಂದೊಂದು ಎಲ್‌ಟಿಆರ್, ಅಂದರೆ ಜೀನುಗಳನ್ನು ಚಾಲೂ ಮಾಡುವ ಸ್ವಿಚ್ಚು. ಎಡತುದಿ ಚಾಲೂ ಆದರೆ ಟ್ಯಾಕ್ಸ್ ಪ್ರೋಟೀನು ತಯಾರು. ಅದು ಬೆಳವಣಿಗೆಯ ಜೀನುಗಳನ್ನು ನಡೆಸುವ ಎನ್‌ಎಫ್-ಕಪ್ಪಾ-ಬಿಯನ್ನು ಎಬ್ಬಿಸುತ್ತದೆ, ಟಿ-ಕೋಶಕ್ಕೆ ಬೆಳೆಯೆಂದು ಹೇಳುವ ಇಂಟರ್‌ಲ್ಯೂಕಿನ್-2ರ ಗ್ರಾಹಕಗಳನ್ನು ಹೆಚ್ಚಿಸುತ್ತದೆ, ಕ್ಯಾನ್ಸರ್ ತಡೆಯುವ ಕಾವಲುಗಾರ ಪಿ53ರ ಕೈ ಕಟ್ಟುತ್ತದೆ. ಕೋಶ ಸುಮ್ಮನೆ ವಿಭಜನೆಯಾಗುತ್ತಲೇ ಹೋಗುತ್ತದೆ, ಡಿಎನ್‌ಎ ತಪ್ಪುಗಳು ರಿಪೇರಿಯಾಗದೆ ಕೂಡಿಕೊಳ್ಳುತ್ತವೆ.

ಬಿಡುವಿನಲ್ಲಿ ಹಿಂದಿನ ಬೆಂಚಿನವರು ಚಿತ್ರದ ಎಡತುದಿಯನ್ನು ಡಸ್ಟರಿನಿಂದ ಒರೆಸಿಟ್ಟರು. ಮೇಷ್ಟ್ರು ಬೈಯಲಿಲ್ಲ, ಮತ್ತೆ ಬರೆಯಲೂ ಇಲ್ಲ. “ಲ್ಯುಕೇಮಿಯಾ ಕೋಶದಲ್ಲೂ ಎಷ್ಟೋ ಸಲ ಹೀಗೇ ಆಗಿರುತ್ತೆ. ಈಗ ಕ್ಯಾನ್ಸರ್ ನಿಲ್ಲುತ್ತಾ, ಹೇಳಿ?”

ನಿಲ್ಲುವುದಿಲ್ಲ. ದೇಹದ ಕೊಲ್ಲುವ ಟಿ-ಕೋಶಗಳು ಮುಖ್ಯವಾಗಿ ಗುರುತು ಹಿಡಿಯುವುದೇ ಟ್ಯಾಕ್ಸನ್ನು. ಎಡತುದಿ ಕಳೆದುಕೊಂಡ ಅಥವಾ ಮಿಥೈಲೇಷನ್ನಿನಿಂದ (ಡಿಎನ್‌ಎಗೆ ಅಂಟುವ ರಾಸಾಯನಿಕ ಗುರುತಿನಿಂದ) ಅದು ಮುಚ್ಚಿಹೋದ ಕೋಶ ಟ್ಯಾಕ್ಸ್ ತಯಾರಿಸದೆ ಅವುಗಳ ಕಣ್ಣು ತಪ್ಪಿಸಿ ಬದುಕುತ್ತದೆ. ಬಲತುದಿಯಿಂದ ಹಿಮ್ಮುಖವಾಗಿ ಓದಿಸಿಕೊಳ್ಳುವ, ವೈರಸ್ಸಿನ ಇನ್ನೊಂದು ಜೀನಾದ ಎಚ್‌ಬಿಝಡ್ ಅದನ್ನು ಬೆಳೆಸುತ್ತಲೇ ಇರುತ್ತದೆ. ಈಗಿನ ಮಕ್ಕಳಿಗೆ ಎಲ್ಲವೂ ಸ್ಲೈಡಿನಲ್ಲಿ ಬರುತ್ತದೆ. ಪಾಪ, ಒರೆಸುವುದಕ್ಕೆ ಏನೂ ಇಲ್ಲ. ರೆಟ್ರೋವೈರಸ್ (ತನ್ನ ಆರ್‌ಎನ್‌ಎಯನ್ನು ಹೀಗೆ ಡಿಎನ್‌ಎ ಮಾಡಿಕೊಳ್ಳುವ ವೈರಸ್) ಎಂದರೆ ಎಚ್‌ಐವಿ ಎಂದು ಟಿಕ್ ಹಾಕಿ ಮುಂದೆ ಹೋಗುತ್ತಾರೆ. ಎಚ್‌ಐವಿ ಸಿಡಿ4 ಕೋಶಗಳನ್ನು ಮುಗಿಸುತ್ತದೆ, ಎಚ್‌ಟಿಎಲ್‌ವಿ-1 ಹೆಚ್ಚಿಸುತ್ತದೆ. ಅಷ್ಟು ದೊಡ್ಡ ವ್ಯತ್ಯಾಸವನ್ನು ಬಿಟ್ಟುಬಿಡುವುದು ಹೇಗೆ?

ರಕ್ತದ ಲೇಪದಲ್ಲಿ ಈ ಲ್ಯುಕೇಮಿಯಾದ ಗುರುತಾದ, ಹೂವಿನೆಸಳಿನಂತೆ ಸೀಳಿದ ನ್ಯೂಕ್ಲಿಯಸ್ ಕಂಡರೆ, ಇದರಲ್ಲಿ ಸಾಮಾನ್ಯವಾಗಿ ಏರುವ ರಕ್ತದ ಕ್ಯಾಲ್ಸಿಯಂ ಏರಿದೆಯೇ ಎಂದು ಕೇಳುವ ಅಭ್ಯಾಸ ನಮ್ಮ ಬ್ಯಾಚಿನವರಿಗೆ ಅಂದೇ ಬಂತು. ಈ ಜಂಬ ನಮಗೆ ಇರಲಿ ಬಿಡಿ. ಕಲಿತದ್ದು ಇನ್ನೊಂದು: ರೋಗಿಯ ಕ್ಯಾನ್ಸರ್ ಕೋಶಗಳಲ್ಲೆಲ್ಲ ವೈರಸ್ ವರ್ಣತಂತುವಿನ ಒಂದೇ ಜಾಗದಲ್ಲಿ ಸೇರಿಕೊಂಡಿದ್ದರೆ ಅವೆಲ್ಲ ಒಂದೇ ಕೋಶದ ಸಂತಾನ ಎಂದರ್ಥ.

ಸೋಂಕಿರುವ 100 ಮಂದಿಯಲ್ಲಿ ಸುಮಾರು 5 ಜನರಿಗಷ್ಟೇ ಈ ಲ್ಯುಕೇಮಿಯಾ ಬರುತ್ತದೆ, ಅದೂ ದಶಕಗಳ ನಂತರ. ಹರಡಲು ಜೀವಂತ ಕೋಶ ಬೇಕು: ರಕ್ತ, ಲೈಂಗಿಕ ಸಂಪರ್ಕ, ಎದೆಹಾಲು. ನಾಗಸಾಕಿಯಲ್ಲಿ 1987ರಿಂದ ಸೋಂಕಿತ ತಾಯಂದಿರಿಗೆ ಹಾಲೂಡಿಸದಂತೆ ಸಲಹೆ ಕೊಡಲಾಯಿತು. ಮಕ್ಕಳಿಗೆ ದಾಟುವ ಪ್ರಮಾಣ ನೂರಕ್ಕೆ ಸುಮಾರು 20ರಿಂದ 2–3ಕ್ಕೆ ಇಳಿಯಿತು.