ಶಾಸಕ ಕೇಳಬೇಕಾದ್ದು ಪಕ್ಷದ ಮಾತೋ, ತನ್ನ ಬುದ್ಧಿಯ ಮಾತೋ?

ವಿರಾಜಪೇಟೆ ಕಡೆ ಮದುವೆಗೆ ಹೋದರೆ ಊಟದ ಹೊತ್ತಿಗೆ ಯಾರಾದರೂ ಕೇಳಿಯೇ ಕೇಳುತ್ತಾರೆ: ‘ಅಲ್ಲ, ನಮ್ಮ ಎಂಎಲ್ಎ ಪಕ್ಷ ಹೇಳಿದಂತೆ ಕುಣಿಯಬೇಕಾ, ತನಗೆ ಸರಿ ಕಂಡದ್ದು ಮಾಡಬೇಕಾ?’

ಸರ್ಕಾರ ಉಳಿಯುವ, ಬೀಳುವ ಮತದಲ್ಲಿ ಪಕ್ಷದ ಜೊತೆ ನಿಲ್ಲಬೇಕು. ಉಳಿದದ್ದಕ್ಕೆ ಸ್ವಂತ ಬುದ್ಧಿ. ಇದು ನನ್ನ ಉತ್ತರ. ಮತಯಂತ್ರದಲ್ಲಿ ಹೆಸರಿನ ಪಕ್ಕ ಚಿಹ್ನೆಯೂ ಇರುತ್ತದೆ, ಬಹಳ ಜನ ಗುಂಡಿ ಒತ್ತುವುದು ಅದನ್ನು ನೋಡಿಯೇ. ‘ನನ್ನ ಮುಖ ನೋಡಿ ವೋಟು ಹಾಕಿದರು’ ಎನ್ನುವ ಶಾಸಕರ ಮಾತು ಅರ್ಧ ನಿಜ, ಅಷ್ಟೇ.

ಕಾನೂನು ಹೀಗೆ ಭಾಗ ಮಾಡಿಲ್ಲ. 1985ರ ಪಕ್ಷಾಂತರ ನಿಷೇಧ ಕಾಯ್ದೆಯಡಿ ಯಾವ ವಿಷಯಕ್ಕೂ ವಿಪ್, ಅಂದರೆ ಹೀಗೇ ಮತ ಹಾಕಬೇಕೆಂಬ ಪಕ್ಷದ ಆಜ್ಞೆ, ಕೊಡಬಹುದು. ಮೀರಿದವನನ್ನು ಪಕ್ಷ 15 ದಿನದೊಳಗೆ ಮನ್ನಿಸದಿದ್ದರೆ ಸ್ಥಾನಕ್ಕೇ ಕುತ್ತು. ಆದರೆ ಶಾಸಕಾಂಗ ಪಕ್ಷದ ಮೂರನೇ ಎರಡು ಭಾಗ ಒಟ್ಟಾಗಿ ಇನ್ನೊಂದು ಪಕ್ಷದಲ್ಲಿ ವಿಲೀನವಾದರೆ ಅದು ಪಕ್ಷಾಂತರವೇ ಅಲ್ಲವಂತೆ!

2010ರ ಅಕ್ಟೋಬರಿನಲ್ಲಿ 11 ಬಿಜೆಪಿ ಶಾಸಕರು ಯಡಿಯೂರಪ್ಪನವರ ಮೇಲೆ ವಿಶ್ವಾಸವಿಲ್ಲವೆಂದು ರಾಜ್ಯಪಾಲರಿಗೆ ಪತ್ರ ಕೊಟ್ಟರು. ಪಕ್ಷ ಮಾತ್ರ ಬಿಟ್ಟಿಲ್ಲ ಎಂದರು. ಆಗ ಸ್ಪೀಕರ್ ಆಗಿದ್ದವರು ನಮ್ಮ ವಿರಾಜಪೇಟೆಯ ಅಂದಿನ ಬಿಜೆಪಿ ಶಾಸಕ ಕೆ.ಜಿ. ಬೋಪಯ್ಯ. ವಿಶ್ವಾಸಮತಕ್ಕೆ ಮುಂಚೆಯೇ ಬೋಪಯ್ಯನವರು ಆ 11 ಮಂದಿಯನ್ನೂ 5 ಪಕ್ಷೇತರರನ್ನೂ ಅನರ್ಹಗೊಳಿಸಿದರು. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಆ ಶಾಸಕರ ರೆಸಾರ್ಟ್ ವಾಸ ನನಗೆ ಹಿಡಿಸಿರಲಿಲ್ಲ. ಹಾಗೆಂದು ಪಕ್ಷದ ಟಿಕೆಟ್ಟಿನಲ್ಲಿ ಗೆದ್ದ ಸ್ಪೀಕರೇ ಪಕ್ಷನಿಷ್ಠೆ ಅಳೆಯುವುದೂ, ಆ ಕುರ್ಚಿಯಲ್ಲಿ ಯಾರೇ ಇರಲಿ, ಸರಿಯಲ್ಲ.

ನಾನು ಮೆಚ್ಚುವ ದಾರಿ ಇದಕ್ಕಿಂತ ಹಳೆಯದು. ಕೊಡಗು ‘ಸಿ’ ದರ್ಜೆಯ, ಅಂದರೆ ಕೇಂದ್ರದ ಹಿಡಿತದಲ್ಲಿದ್ದ ಪ್ರತ್ಯೇಕ ರಾಜ್ಯವಾಗಿದ್ದಾಗ, 1952ರ ಚುನಾವಣೆಯಲ್ಲಿ, ಮೈಸೂರಿನ ಜೊತೆ ವಿಲೀನ ಬೇಡವೆಂದು ಪಂದ್ಯಂಡ ಬೆಳ್ಯಪ್ಪನವರ ಬಣ ತಕ್ಕಡಿ ಗುರುತಿನಲ್ಲಿ ಕಣಕ್ಕಿಳಿಯಿತು. ಬೆಳ್ಯಪ್ಪ ಕಾಂಗ್ರೆಸ್ಸಿನಲ್ಲೇ ಬೆಳೆದು, ಸ್ವಾತಂತ್ರ್ಯ ಚಳವಳಿಯಲ್ಲಿ ಜೈಲು ಕಂಡವರು. 24 ಸ್ಥಾನಗಳಲ್ಲಿ ಕಾಂಗ್ರೆಸ್ಸಿಗೆ 15, ಇವರ ಕಡೆಗೆ 9. ಸಿ.ಎಂ. ಪೂಣಚ್ಚ ಮುಖ್ಯಮಂತ್ರಿಯಾದರು, 1956ರಲ್ಲಿ ವಿಲೀನವೂ ಆಯಿತು. ತಕ್ಕಡಿಯವರು ಸೋತರು ನಿಜ, ಆದರೆ ಕಾಂಗ್ರೆಸ್ ಚಿಹ್ನೆಯಲ್ಲಿ ಗೆದ್ದು ಆಮೇಲೆ ರಾಗ ಬದಲಿಸಲಿಲ್ಲ. ಮೊದಲೇ ಹೇಳಿ ಮತ ಕೇಳಿದರು.

‘ಹಾಗಾದರೆ 2019ರಲ್ಲಿ ಕಾಂಗ್ರೆಸ್, ಜೆಡಿಎಸ್ ಶಾಸಕರಾಗಿದ್ದು ರಾಜೀನಾಮೆ ಕೊಟ್ಟವರೂ ಬಿಜೆಪಿಯಿಂದ ನಿಂತು ಮತ್ತೆ ಜನರ ಮುಂದೆ ಹೋದರಲ್ಲ?’ ಎನ್ನುತ್ತಾರೆ. ಹೋದದ್ದು ಒಳ್ಳೆಯದೇ. ಗೆದ್ದವರಲ್ಲಿ 10 ಮಂದಿ 2020ರ ಫೆಬ್ರವರಿಯಲ್ಲಿ ಮಂತ್ರಿಗಳಾದರು. ಅದನ್ನು ಸ್ವಂತ ಬುದ್ಧಿ ಎನ್ನಲು ನನಗೆ ಬಾಯಿ ಬರುವುದಿಲ್ಲ.