ಹಳೇ ಫೈಬರ್ ದೋಣಿಗೆ ಪ್ಯಾಚ್ ಹಾಕಿ ಬಣ್ಣ ಬಳಿದರೆ ಸಾಕಾ?

ಕರಾವಳಿಯಲ್ಲಿ ಹನ್ನೆರಡು ಅಡಿಯ ಹಳೇ ಮೀನುಗಾರಿಕೆ ದೋಣಿ ಅಗ್ಗಕ್ಕೆ ಸಿಕ್ಕಿತೆಂದು ಟೆಂಪೊಗೆ ಹೇರಿ ಬೆಂಗಳೂರಿಗೆ ತಂದವರೆಲ್ಲ ಕೇಳುವುದು ಇದನ್ನೇ. ಸಾಲದು. ಕಣ್ಣಿಗೆ ಕಾಣುವ ಬಿರುಕು ಎರಡು ದಿನದ ಕೆಲಸ. ಫೈಬರ್ ಕೊಳೆಯುವುದಿಲ್ಲ, ಅದರ ಹೊಟ್ಟೆಯೊಳಗಿನ ಪ್ಲೈವುಡ್ ಕೊಳೆಯುತ್ತದೆ.

ಮೊದಲು ನೋಡಬೇಕಾದ್ದು ಎಂಜಿನ್ ಕೂರಿಸುವ ಹಿಂಬದಿ ಹಲಗೆ, ಅಂದರೆ ಟ್ರಾನ್ಸಮ್. ಸ್ಕ್ರೂಡ್ರೈವರ್ ಹಿಡಿಯಿಂದ ಉದ್ದಕ್ಕೂ ತಟ್ಟುತ್ತಾ ಹೋಗಿ. ಗಟ್ಟಿ ಜಾಗ ಟಣ್ ಎನ್ನುತ್ತದೆ, ಕೊಳೆತದ್ದು ದಬ್ ಎನ್ನುತ್ತದೆ. ಅನುಮಾನ ಬಂದಲ್ಲಿ ಒಳಗಿನಿಂದ 4 ಮಿ.ಮೀ. ತೂತು ಕೊರೆಯಿರಿ. ಒಣಗಿದ ತಿಳಿಬಣ್ಣದ ಪುಡಿ ಬಂದರೆ ಪುಣ್ಯ, ಕಾಫಿ ಚರಟದಂಥ ಒದ್ದೆ ಪುಡಿ ಬಂದರೆ ಹಲಗೆ ಹೋಯಿತು. ಸಾಮಾನ್ಯವಾಗಿ ನೀರು ನುಗ್ಗಿರುವುದು ಸೀಲ್ ಮಾಡದ ಬೋಲ್ಟ್ ತೂತುಗಳಿಂದ. ತೇಲಲೆಂದು ನೆಲದಡಿ ತುಂಬಿದ ಫೋಮ್ ಕೂಡ ಹೀಗೇ ನೀರು ಕುಡಿದಿರಬಹುದು. 100 ಲೀಟರ್ ಫೋಮ್ ಪೂರ್ತಿ ನೆನೆದರೆ ದೋಣಿಗೆ ಹತ್ತಿರ ಹತ್ತಿರ 100 ಕಿಲೋ ಹೆಚ್ಚುವರಿ ಭಾರ.

ಹಲಗೆ ಬದಲಿಸುವಾಗ ಹೊರಗಿನ ಪದರ ಮುಟ್ಟಬೇಡಿ. ಒಳಪದರವನ್ನು ಅಂಚಿನಲ್ಲಿ ಎರಡು ಅಂಗುಲ ಉಳಿಸಿ ಕೊಯ್ದು, ಕೊಳೆತದ್ದನ್ನೆಲ್ಲ ಕೆರೆದು, ಚೆನ್ನಾಗಿ ಒಣಗಿಸಿ. 18 ಮಿ.ಮೀ. ಮರೈನ್ ಪ್ಲೈ ಎರಡು ಹಾಳೆ ಅಂಟಿಸಿದರೆ ಬೇಕಾದ ದಪ್ಪ ಬರುತ್ತದೆ. ಮೈಸೂರು ರಸ್ತೆಯ ಟಿಂಬರ್ ಯಾರ್ಡ್‌ನಲ್ಲಿ ಕೊಳ್ಳುವಾಗ ‘ವಾಟರ್‌ಪ್ರೂಫ್ ಸಾರ್’ ಎಂಬ ಮಾತು ನಂಬದೆ ಮರೈನ್ ಪ್ಲೈಗೆ ಇರುವ ಭಾರತೀಯ ಮಾನಕ ಐ.ಎಸ್. 710ರ ಮುದ್ರೆ ನೋಡಿ. ಪ್ಲೈಯ ಕೊಯ್ದ ಅಂಚಿಗೆ ಮೂರು ಬಾರಿ ರೆಸಿನ್ (ಒಣಗಿ ಗಟ್ಟಿಯಾಗುವ ಅಂಟುದ್ರವ) ಕುಡಿಸಿ, ಅದು ನೀರು ಹೀರುವುದೇ ಅಲ್ಲಿ.

ಇನ್ನು ಬಿರುಕು. ಅದರ ಸುತ್ತ ಫೈಬರ್ ದಪ್ಪದ ಹನ್ನೆರಡು ಪಟ್ಟು ಅಗಲಕ್ಕೆ ಇಳಿಜಾರಾಗಿ ಉಜ್ಜಬೇಕು. 4 ಮಿ.ಮೀ. ದಪ್ಪಕ್ಕೆ ಪ್ರತಿ ಬದಿಗೂ ಸುಮಾರು 5 ಸೆಂ.ಮೀ. ಇದನ್ನು ಬಿಟ್ಟು ಮೇಲೊಂದು ಪಟ್ಟಿ ಅಂಟಿಸಿದರೆ ಅದು ಸಿಪ್ಪೆಯಂತೆ ಏಳುತ್ತದೆ. ಉಜ್ಜಿದ ಜಾಗ ತುಂಬುವುದು ಮ್ಯಾಟ್, ಅಂದರೆ ಗಾಜಿನ ಎಳೆಗಳ ಹಾಸು. ಚದರ ಮೀಟರಿಗೆ 450 ಗ್ರಾಂ ತೂಗುವ ಮ್ಯಾಟ್ ಒಂದು ಪದರಕ್ಕೆ ಸುಮಾರು 1 ಮಿ.ಮೀ. ಕೊಡುತ್ತದೆ, ಮ್ಯಾಟ್ ತೂಕದ ಎರಡೂವರೆ ಪಟ್ಟು ಪಾಲಿಯೆಸ್ಟರ್ ರೆಸಿನ್ ಕುಡಿಯುತ್ತದೆ. ಎಪಾಕ್ಸಿ ಎಂಬ ಇನ್ನೊಂದು ಬಗೆಯ ರೆಸಿನ್ ಬಳಸುವುದಾದರೆ ಈ ಮ್ಯಾಟ್ ಬೇಡ, ನೇಯ್ದ ಬಟ್ಟೆ ಕೊಳ್ಳಿ. ಮ್ಯಾಟ್‌ನ ಎಳೆ ಹಿಡಿದಿರುವ ಅಂಟು ಸಾಮಾನ್ಯವಾಗಿ ಕರಗುವುದು ಪಾಲಿಯೆಸ್ಟರ್‌ನಲ್ಲಿರುವ ಸ್ಟೈರೀನ್ ಎಂಬ ದ್ರಾವಕದಲ್ಲಿ ಮಾತ್ರ.

ಇನ್ನು ಜೀವಕ್ಕೆ ಸಂಬಂಧಿಸಿದ ಮಾತು. ಅಂಗಡಿಯವರು ಪಾಲಿಯೆಸ್ಟರ್ ರೆಸಿನ್ ಜೊತೆ ಎರಡು ಪುಟ್ಟ ಬಾಟಲಿ ಕೊಟ್ಟರೆ ನೇರಳೆ ಬಣ್ಣದ್ದು ಕೆಲಸ ಚುರುಕುಗೊಳಿಸುವ ಕೋಬಾಲ್ಟ್, ನೀರಿನಂತಿರುವುದು ರೆಸಿನ್ ಗಟ್ಟಿ ಮಾಡುವ ಹಾರ್ಡ್‌ನರ್. ಇವೆರಡನ್ನೂ ನೇರವಾಗಿ ಬೆರೆಸಲೇಬೇಡಿ, ಬೆಂಕಿ ಹತ್ತಬಹುದು, ಸಿಡಿಯಲೂಬಹುದು. ಮೊದಲು ಕೋಬಾಲ್ಟನ್ನು ಇಡೀ ರೆಸಿನ್‌ಗೆ ಚೆನ್ನಾಗಿ ಕಲಸಿ. ಹಾರ್ಡ್‌ನರ್ ಕೊನೆಯಲ್ಲಿ, ಹಚ್ಚುವ ಮುಂಚೆ. ಅದೂ ಕಾಲು ಕಿಲೋ ರೆಸಿನ್‌ಗಷ್ಟೇ. ಮಗ್ ತುಂಬ ಕಲಸಿಟ್ಟರೆ ಅದೇ ಕಾದು ಹೊಗೆಯಾಡುತ್ತದೆ. ಹಾರ್ಡ್‌ನರ್ ಹನಿ ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು, ರಕ್ಷಣಾ ಕನ್ನಡಕ ಕಡ್ಡಾಯ. ಬಟ್ಟೆಯ ಮಾಸ್ಕ್ ವಾಸನೆ ತಡೆಯುವುದಿಲ್ಲ, ಇಂಗಾಲದ ಕಾರ್ಟ್ರಿಜ್ ಇರುವುದು ಬೇಕು. ಅಪಾರ್ಟ್‌ಮೆಂಟ್ ತಾರಸಿಯ ಆಸೆಯನ್ನಂತೂ ಬಿಡಿ, ಕೆಳಗಿನ ಮನೆಯವರು ಅರ್ಧ ಗಂಟೆಯಲ್ಲಿ ಮೇಲೆ ಬರುತ್ತಾರೆ.

ಏಪ್ರಿಲ್ ಮಧ್ಯಾಹ್ನಕ್ಕೆ ಹಾರ್ಡ್‌ನರ್ ರೆಸಿನ್ ತೂಕದ ಶೇಕಡಾ 1 ಸಾಕು, ಡಿಸೆಂಬರ್ ಬೆಳಗಿಗೆ 2 ಬೇಕು. ಒಂದಕ್ಕಿಂತ ಕಡಿಮೆ ಮಾಡಿದರೆ ಎಂದೂ ಪೂರ್ತಿ ಗಟ್ಟಿಯಾಗದು. ಜಡಿಮಳೆಯ ದಿನ ಕೆಲಸವೇ ಬೇಡ, ತೇವ ಹಿಡಿದ ಮ್ಯಾಟ್ ಬೆಳ್ಳಗೆ ಉಳಿದು ಪದರ ಬಿಡುತ್ತದೆ.

ಬಣ್ಣಕ್ಕೆ ಮೊದಲು ಸೋರಿಕೆ ನೋಡಿ. ದೋಣಿಯಡಿ ಮರಳು ಚೀಲಗಳ ಆಸರೆ ಕೊಟ್ಟು, ಒಳಗೆ ನಾಲ್ಕು ಬೆರಳಷ್ಟು ನೀರು ನಿಲ್ಲಿಸಿ. ಇನ್ನೂರು ಲೀಟರ್ ದಾಟುತ್ತದೆ, ಟ್ಯಾಂಕರ್ ನೀರಾದರೆ ಹೊಟ್ಟೆ ಉರಿಯುತ್ತದೆ, ಆದರೂ ನಿಲ್ಲಿಸಿ. ಹೊರಗೆ ಒರೆಸಿ ಒಂದು ಗಂಟೆ ಬಿಟ್ಟು, ಒದ್ದೆ ಕಂಡಲ್ಲೆಲ್ಲ ಸೀಮೆಸುಣ್ಣದ ಗುರುತು ಹಾಕಿ.